ಹಳೆ ಆಲ್ಬಮ್ಮಿನ ಮೂರು ಕಾಕ್‌ಪಿಟ್ ಫೋಟೊ: ಯಾವ ವಿಮಾನಗಳು ಇವು?

ಜುವಾರಿ_ದಂಡೆ (ವಾಸ್ಕೊ)

ಗೋವೆಯ ವಾಸ್ಕೊದ ಒಂದು ಮನೆಯ ಹಳೆ ಆಲ್ಬಮ್ಮಿನಲ್ಲಿದ್ದ ಮೂರು ಫೋಟೊಗಳನ್ನು ಹಾಕಿದ್ದೇನೆ. ಮೂರೂ ಕಾಕ್‌ಪಿಟ್ ಒಳಗಿನವೇ. ರೆಕ್ಕೆಯಾಗಲಿ ಬಾಲವಾಗಲಿ ನಂಬರಾಗಲಿ ಎಲ್ಲೂ ಕಾಣುವುದಿಲ್ಲ. ಮೊಬೈಲಿನಲ್ಲಿ ತೆಗೆದದ್ದು, ಹೊಳಪು ಬಂದಿದೆ, ಕ್ಷಮಿಸಿ. ನನಗೆ ಕಂಡದ್ದು ಇಷ್ಟು:

ಫೋಟೊ 1: ಕಪ್ಪು-ಬಿಳುಪು, 6×9 ಸೆಂ.ಮೀ. ಒಂದೇ ಸೀಟು. ನಡುವೆ ಆರು ಮೀಟರುಗಳ ಒಂದು ಚೌಕ. ಬಲಗಡೆಯ ಒಂದು ಮೀಟರಿನಲ್ಲಿ ಮೈನಸ್, ಸೊನ್ನೆ, ಪ್ಲಸ್ ಇದೆ. ಇನ್ನೊಂದರ ಮೇಲೆ ರೇಡಿಯೇಟರ್ ಎಂದು ಓದಲು ಬರುತ್ತದೆ.

ಫೋಟೊ 2: ಕಪ್ಪು-ಬಿಳುಪು. ಪಕ್ಕಪಕ್ಕ ಎರಡು ಸೀಟು, ವಿಮಾನ ನಡೆಸುವ ಎರಡು ಕೋಲು. ಕೋಲಿನ ಹಿಡಿಗೆ ಸೈಕಲ್ ಬ್ರೇಕಿನಂಥ ಒಂದು ಸಣ್ಣ ಲಿವರ್.

ಫೋಟೊ 3: ಬಣ್ಣದ್ದು, ಪೂರಾ ಕೆಂಪಗಾಗಿದೆ. ಇಬ್ಬರು ಕೂರುವ ದೊಡ್ಡ ಕಾಕ್‌ಪಿಟ್, ನಡುವೆ ನಾಲ್ಕು ಲಿವರ್. ಹಿಂಬದಿಯಲ್ಲಿ ಸ್ಟುಡಿಯೊ ಮುದ್ರೆ: ಮಾರ್ಚ್ 1974.

ಇಂಥ ಫೋಟೊವನ್ನು ಎಲ್ಲಿಂದ ಶುರುಮಾಡಿ ಓದಬೇಕು? ಹೆಸರು ಸಿಕ್ಕರೆ ಸಂತೋಷ, ಆದರೆ ದಾರಿ ತಿಳಿದರೆ ಉಳಿದ ಹದಿನೈದು ಫೋಟೊಗಳನ್ನು ನಾನೇ ನೋಡಿಕೊಳ್ಳಬಹುದು.

---

ಸ್ಪ್ಯಾನರ್_ಪುಣೆ

ಮೊದಲು ಮೀಟರಿನ ಹೆಸರು ಹುಡುಕುವುದನ್ನು ಬಿಡಿ, ಅಳತೆಯ ಮಾನ ನೋಡಿ. ಎತ್ತರದ ಮೀಟರಿನಲ್ಲಿ ಒಂದು ಸಣ್ಣ ಕಿಟಕಿ ಇರುತ್ತದೆ, ಅದರೊಳಗೆ ಗಾಳಿಯ ಒತ್ತಡ ಹೊಂದಿಸುವ ಅಂಕಿ. ಅಲ್ಲಿ 1013ರ ಆಸುಪಾಸಿನ ಸಂಖ್ಯೆ ಇದ್ದರೆ ಮಿಲಿಬಾರ್, ಅಂದರೆ ಬ್ರಿಟಿಷ್ ಪದ್ಧತಿ. 29.92ರ ಆಸುಪಾಸು ಇದ್ದರೆ ಪಾದರಸದ ಇಂಚು, ಅಮೆರಿಕದ್ದು. 760ರ ಆಸುಪಾಸು ಇದ್ದರೆ ಪಾದರಸದ ಮಿ.ಮೀ., ಸೋವಿಯತ್ ಕಡೆಯದು. ಇಡೀ ಫಲಕದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಜಾಗ ಇನ್ನೊಂದಿಲ್ಲ.

ಪಿಸ್ಟನ್ ಎಂಜಿನ್ನಿನ ವಿಮಾನವಾದರೆ ಎರಡನೆಯ ಸಾಕ್ಷಿ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡದ ಮೀಟರು. ಬ್ರಿಟಿಷರು ಅದನ್ನು ಪೌಂಡಿನಲ್ಲಿ ಅಳೆಯುತ್ತಿದ್ದರು: ಸಮುದ್ರಮಟ್ಟದ ಪ್ರಮಾಣಿತ ವಾತಾವರಣದ ಒತ್ತಡವೇ ಸೊನ್ನೆ, ಅದಕ್ಕಿಂತ ಕಡಿಮೆಯಾದರೆ ಮೈನಸ್, ಹೆಚ್ಚಾದರೆ ಪ್ಲಸ್. ಅಮೆರಿಕದವರಲ್ಲಿ ಮೈನಸ್ ಎಂಬುದೇ ಇಲ್ಲ. ಎಂಜಿನ್ ನಿಂತಾಗ ಮುಳ್ಳು 30 ಇಂಚಿನ ಹತ್ತಿರ ಇರುತ್ತದೆ. ಜರ್ಮನ್ನರದು ಅಟಾ ಎಂಬ ವಾತಾವರಣದ ಮಾನ, 1ರ ಸುತ್ತಮುತ್ತಲಿನ ದಶಾಂಶಗಳು. ನಿಮ್ಮ ಫೋಟೊ 1ರಲ್ಲಿ ಮೈನಸ್-ಸೊನ್ನೆ-ಪ್ಲಸ್ ಇದೆ ಎಂದಿರಿ. ಬ್ರಿಟನ್ ಎನ್ನಲು ಅಷ್ಟು ಸಾಕು.

ಆರು ಮೀಟರಿನ ಚೌಕವೂ ಅದನ್ನೇ ಹೇಳುತ್ತದೆ, ಆದರೆ ಜೋಡಣೆ ನೋಡಬೇಕು. ಬ್ರಿಟಿಷ್ ಚೌಕದಲ್ಲಿ ಮೇಲಿನ ಸಾಲು ವೇಗ, ಕೃತಕ ದಿಗಂತ (ವಿಮಾನ ಎಷ್ಟು ವಾಲಿದೆ ಎಂದು ತೋರಿಸುವುದು), ಏರಿಳಿತದ ದರ. ಕೆಳಸಾಲು ಎತ್ತರ, ದಿಕ್ಕು, ತಿರುವು. ಅಂದರೆ ಎತ್ತರದ ಮೀಟರು ಎಡ ಕೆಳಮೂಲೆಯಲ್ಲಿ. ಈಗಿನ ಸಣ್ಣ ವಿಮಾನಗಳಲ್ಲಿ ಎತ್ತರದ ಮೀಟರು ಬಲ ಮೇಲ್ಮೂಲೆಗೆ ಬಂದಿದೆ, ಏರಿಳಿತದ್ದು ಅದರ ಕೆಳಗೆ ಇಳಿದಿದೆ. ಈ ಎರಡರ ಜಾಗ ನೋಡಿದರೇ ಹಳೆಯ ಬ್ರಿಟಿಷ್ ಫಲಕವೋ ಆಮೇಲಿನದೋ ಗೊತ್ತಾಗುತ್ತದೆ.

ಇನ್ನು ಫೋಟೊ 1. ರೇಡಿಯೇಟರ್ ಉಷ್ಣತೆಯ ಮೀಟರು ಇರುವುದರಿಂದ ಎಂಜಿನ್ ನೀರಿನಿಂದ ತಂಪಾಗುವುದು. ಗಾಳಿಯಿಂದ ತಂಪಾಗುವ ಎಂಜಿನ್ನಾದರೆ ಅಲ್ಲಿ ಸಿಲಿಂಡರ್ ಹೆಡ್ ಉಷ್ಣತೆ ಇರಬೇಕಿತ್ತು. ಹಾಗಾಗಿ ಗಾಳಿಯಿಂದ ತಂಪಾಗುವ ಸೆಂಟಾರಸ್ ಎಂಜಿನ್ನಿನ ಟೆಂಪೆಸ್ಟ್ 2 ಯುದ್ಧವಿಮಾನ ಹೊರಗೆ ಹೋಯಿತು. ಬ್ರಿಟಿಷ್, ಮುಂದೆ ಒಂದೇ ಸೀಟು, ಒಂದೇ ಎಂಜಿನ್, ನೀರಿನ ತಂಪು, ನಮ್ಮ ದೇಶದಲ್ಲಿ ಹಾರಿದ್ದು ಎಂದರೆ ಮೊದಲು ನೆನಪಾಗುವುದು ಮೂರು: ಹರಿಕೇನ್, ಸ್ಪಿಟ್‌ಫೈರ್, ಹಿಂದೆ ಬೇರೆ ಕಾಕ್‌ಪಿಟ್ಟಿನಲ್ಲಿ ಎರಡನೆಯ ಸೀಟಿರುವ ನೌಕಾಪಡೆಯ ಫೇರಿ ಫೈರ್‌ಫ್ಲೈ.

ಇಲ್ಲಿಂದ ಮುಂದೆ ಮೀಟರುಗಳನ್ನು ನಂಬಬೇಡಿ. ಸ್ಮಿತ್ಸ್ ಕಂಪನಿಯ ಒಂದೇ ಮೀಟರು ಹತ್ತು ವಿಮಾನಗಳಲ್ಲಿ ಕೂರುತ್ತದೆ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ವಿಮಾನದ್ದನ್ನು ಹಾಕುತ್ತಾರೆ. ರೇಡಿಯೊ ಪೆಟ್ಟಿಗೆಯಂತೂ ವಿಮಾನದ ಆಯುಷ್ಯದಲ್ಲಿ ಮೂರು ಸಲ ಬದಲಾಗಿರುತ್ತದೆ. ಬದಲಾಗದೆ ಉಳಿಯುವುದು ತಗಡು: ಗಾಜಿನ ಚೌಕಟ್ಟು, ಗೋಡೆಯ ಪಟ್ಟಿಗಳು, ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿಳಿಸುವ ಲಿವರ್) ಪೆಟ್ಟಿಗೆ, ಚಕ್ರದ ಲಿವರ್ ಇರುವ ಕಡೆ. ಮೀಟರು ದೇಶವನ್ನೂ ಎಂಜಿನ್ನನ್ನೂ ಹೇಳುತ್ತದೆ. ವಿಮಾನದ ಹೆಸರು ಹೇಳುವುದು ಗೋಡೆ.

ಸ್ಪಿಟ್‌ಫೈರಿನ ಎಡಗೋಡೆಯಲ್ಲಿ ಹೊರಕ್ಕೆ ಕೆಳಗೆ ಬೀಳುವ ಒಂದು ಪುಟ್ಟ ಬಾಗಿಲಿದೆ. ಒಳಗಿನಿಂದ ನೋಡಿದರೆ ಅದರ ಸೀಳು, ಚಿಲಕ, ಬಹಳಷ್ಟು ವಿಮಾನಗಳಲ್ಲಿ ಅದಕ್ಕೆ ಸಿಕ್ಕಿಸಿದ ಹಾರೆಕೋಲು ಎಲ್ಲ ಕಾಣುತ್ತವೆ. ಚಕ್ರ ಎತ್ತುವ ಲಿವರ್ ಬಲಗಡೆ. ಹರಿಕೇನಿನಲ್ಲಿ ಪೈಲಟ್‌ನ ಅಕ್ಕಪಕ್ಕದಲ್ಲಿ ಬೆತ್ತಲೆ ಕೊಳವೆಗಳ ಚೌಕಟ್ಟೇ ಕಾಣುತ್ತದೆ, ಮಂಚದ ಕಾಲಿನಂತೆ. ಬಲಗಡೆ ಒಂದೇ ಲಿವರ್ ಎಚ್ ಆಕಾರದ ಸಂದಿನಲ್ಲಿ ಓಡಾಡಿ ಚಕ್ರ, ರೆಕ್ಕೆಯಂಚಿನ ಫ್ಲ್ಯಾಪ್ ಎರಡನ್ನೂ ನಡೆಸುತ್ತದೆ. ಫೋಟೊ 1ರ ಎಡಗೋಡೆಯಲ್ಲಿ ನನಗೆ ಬಾಗಿಲಿನ ಸೀಳೂ ಕಾಣಲಿಲ್ಲ, ಕೊಳವೆಯೂ ಕಾಣಲಿಲ್ಲ. ಆದರೆ ಅಲ್ಲೇ ಮೊಬೈಲಿನ ಹೊಳಪು ಬಿದ್ದಿದೆ. ಆದ್ದರಿಂದ ಎರಡು ವಿಷಯ ಕೇಳುತ್ತೇನೆ.

ವೇಗದ ಮೀಟರಿನಲ್ಲಿ ನಾಟ್ (ಗಂಟೆಗೆ ನಾಟಿಕಲ್ ಮೈಲಿ) ಎಂದಿದೆಯೋ, ಗಂಟೆಗೆ ಮೈಲಿ ಎಂದಿದೆಯೋ? ಯುದ್ಧಕಾಲದ ಹರಿಕೇನ್, ಸ್ಪಿಟ್‌ಫೈರ್‌ಗಳಲ್ಲಿ ಮೈಲಿ. ನೌಕಾಪಡೆಯ ವಿಮಾನದಲ್ಲಿ ನಾಟ್.

ಎಂಜಿನ್ ಸುತ್ತಿನ ಮೀಟರಿನ ಗಾಜಿನ ಮೇಲೆ ಬಳಿದ ಗೀಟು ಇದೆಯೇ? ಹತ್ತಿರದಲ್ಲಿ ಮಿತಿಯ ಅಂಕಿಗಳ ಫಲಕ ಇದೆಯೇ? ಮರ್ಲಿನ್ ಎಂಜಿನ್ನಿನ ಗರಿಷ್ಠ ಮಿತಿ ನಿಮಿಷಕ್ಕೆ 3000 ಸುತ್ತು, ಗ್ರಿಫನ್ನಿನದು 2750. ಹರಿಕೇನಿನಲ್ಲಿ ಗ್ರಿಫನ್ ಇರಲಿಲ್ಲ. ಫೈರ್‌ಫ್ಲೈನಲ್ಲಿ ಗ್ರಿಫನ್ನೇ. ಸ್ಪಿಟ್‌ಫೈರಿನಲ್ಲಿ ಮಾರ್ಕ್ (ಮಾದರಿಯ ಸಂಖ್ಯೆ) ನೋಡಿ ಎರಡೂ ಉಂಟು, ನಮ್ಮ ವಾಯುಪಡೆಯ ಮಾರ್ಕ್ 14, 18 ಗ್ರಿಫನ್ನಿನವು. ಅದಕ್ಕೇ ಸುತ್ತಿನ ಲೆಕ್ಕ ಒಂದರಿಂದಲೇ ತೀರ್ಮಾನ ಆಗುವುದಿಲ್ಲ, ಬಾಗಿಲಿನ ಸೀಳೂ ಬೇಕು.

ಗೀಟು ಓದುವಾಗ ಒಂದು ಎಚ್ಚರ. ಗೀಟು ಇರುವುದು ಗಾಜಿನ ಮೇಲೆ, ಅಂಕಿ ಇರುವುದು ಕೆಲವು ಮಿ.ಮೀ. ಒಳಗೆ. ಕ್ಯಾಮೆರಾ ಪಕ್ಕದಿಂದ ನೋಡಿದ್ದರೆ ಗೀಟು ಅಂಕಿಯ ಮೇಲೆ ಸರಿದು ಬಿದ್ದಿರುತ್ತದೆ. 2750 ಇದ್ದದ್ದು 2900ರ ಹತ್ತಿರ ಕಾಣಬಹುದು. ಮುಳ್ಳಿನ ತಿರುಗಣೆಯ ನಡುಬಿಂದು ಮೀಟರಿನ ಹೊರಬಳೆಯ ನಡುಬಿಂದುವಿನಿಂದ ಯಾವ ಕಡೆಗೆ ಸರಿದಿದೆ ನೋಡಿ, ಅಷ್ಟನ್ನೇ ಗೀಟಿಗೂ ಕಳೆಯಿರಿ.

ಫೋಟೊ 2 ಸುಲಭ. ಜೆಟ್, ಪಕ್ಕಪಕ್ಕ ಸೀಟು, ಬ್ರಿಟಿಷ್ ಚೌಕ, ಕೋಲಿನ ಹಿಡಿಯಲ್ಲೇ ಬ್ರೇಕಿನ ಲಿವರ್. ಅದು ಗಾಳಿ ಒತ್ತಡದ ಬ್ರೇಕು. ಅಂಥ ವಿಮಾನದಲ್ಲಿ ಒಂದೇ ಮೀಟರಿನೊಳಗೆ ಮೂರು ಅಳತೆ ಇರುತ್ತದೆ: ಸಂಗ್ರಹದ ಒತ್ತಡ, ಎಡಚಕ್ರ, ಬಲಚಕ್ರ. ಅದೂ ಸಿಕ್ಕರೆ ವ್ಯಾಂಪೈರ್ ಟಿ.55 ಎಂದು ಧೈರ್ಯವಾಗಿ ಬರೆಯಿರಿ. ಕಿರಣ್ ತರಬೇತಿ ಜೆಟ್ ಜೊತೆ ಗೊಂದಲ ಬಂದರೆ ಪಕ್ಕದ ಗೋಡೆ ನೋಡಿ. ವ್ಯಾಂಪೈರಿನ ಕಾಕ್‌ಪಿಟ್ ಭಾಗ ಬಾಲ್ಸಾ ಮರ, ಪ್ಲೈವುಡ್ ಅಂಟಿಸಿ ಮಾಡಿದ್ದು, ಗೋಡೆ ನುಣ್ಣಗಿರುತ್ತದೆ. ಕಿರಣ್ ಪೂರ್ತಿ ಲೋಹ, ರಿವೆಟ್ಟಿನ ಸಾಲು ಕಾಣಬೇಕು. ಸುತ್ತಿನ ಮೀಟರೂ ನೆರವಿಗೆ ಬರುತ್ತದೆ: ಕಿರಣ್‌ನ ವೈಪರ್ ಎಂಜಿನ್ 13,800ರವರೆಗೆ ತಿರುಗುತ್ತದೆ, ವ್ಯಾಂಪೈರಿನ ಗಾಬ್ಲಿನ್ 10,000ಕ್ಕೆ ಸ್ವಲ್ಪ ಮೇಲೆ ನಿಲ್ಲುತ್ತದೆ.

---

ಮಾಟುಂಗಾ_ನೆಗೆಟಿವ್ (ಮುಂಬೈ)

ವಿಮಾನದ ವಿಚಾರ ಮೇಲಿನವರು ಬರೆದಿದ್ದಾರೆ, ನಾನು ಫೋಟೊ ಬಗ್ಗೆ ಮಾತ್ರ ಹೇಳುತ್ತೇನೆ. ಈಗ ಹಾಕಿರುವ ಚಿತ್ರದಿಂದ ಯಾರೂ ಗಾಜಿನ ಮೇಲಿನ ಗೀಟು ಓದಲಾರರು.

6×9ರ ಪ್ರಿಂಟ್ ಎಂದರೆ ಬಹುಶಃ ನೆಗೆಟಿವ್ ಅಳತೆಯಲ್ಲೇ ನೇರ ಅಚ್ಚೊತ್ತಿದ್ದು. ಇಂಥ ಪ್ರಿಂಟಿನಲ್ಲಿ ಹಿಗ್ಗಿಸಿದ ಪ್ರಿಂಟಿಗಿಂತ ಸೂಕ್ಷ್ಮ ವಿವರ ಉಳಿದಿರುತ್ತದೆ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಡಿಪಿಐ (ಇಂಚಿಗೆ 1200 ಚುಕ್ಕಿ) ಇಡಿ, ಉದ್ದಕ್ಕೆ ಸುಮಾರು 4250 ಪಿಕ್ಸೆಲ್ ಬರುತ್ತದೆ. 16 ಬಿಟ್, ಟಿಫ್ ಫೈಲು. ಸ್ಕ್ಯಾನರಿನ ತಾನೇ ಚೂಪು ಮಾಡುವ, ತಾನೇ ದೂಳು ತೆಗೆಯುವ ಆಯ್ಕೆಗಳನ್ನು ಬಂದ್ ಮಾಡಿಬಿಡಿ. ಕಪ್ಪು ಡಯಲಿನ ಮೇಲಿನ ಬಿಳಿ ಚುಕ್ಕಿಯನ್ನು ಅದು ದೂಳೆಂದೇ ಒರೆಸಿಹಾಕುತ್ತದೆ. ಅಂಚು ಕತ್ತರಿಸಬೇಡಿ, ಬಿಳಿ ಅಂಚೂ ಸೇರಿ ಸ್ಕ್ಯಾನ್ ಆಗಲಿ. ಹಿಂಬದಿಯನ್ನೂ ಹಾಗೆಯೇ ಮಾಡಿ. ಕಾಗದದ ಕಂಪನಿಯ ಗುರುತು, ಪೆನ್ಸಿಲ್ ಅಂಕಿ ಎಲ್ಲವೂ ಕಾಲ ಹೇಳುತ್ತವೆ.

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲೇ ಸರಿ, ಆದರೆ ಫ್ಲ್ಯಾಶ್ ಬೇಡ. ಫೋಟೊವನ್ನು ಕಪ್ಪು ಬಟ್ಟೆಯ ಮೇಲೆ ಚಪ್ಪಟೆ ಇಡಿ, ಎರಡು ಟೇಬಲ್ ಲ್ಯಾಂಪುಗಳನ್ನು ಎಡಕ್ಕೊಂದು ಬಲಕ್ಕೊಂದು 45 ಡಿಗ್ರಿಯಲ್ಲಿ ನಿಲ್ಲಿಸಿ, ಮೇಲಿನಿಂದ ನೇರ ತೆಗೆಯಿರಿ. ಹಳೆ ಪ್ರಿಂಟಿನ ಕಪ್ಪು ಭಾಗಗಳಲ್ಲಿ ಬೆಳ್ಳಿ ಮೇಲಕ್ಕೆ ಬಂದು ನೀಲಿ ಮಿಂಚು ಕೊಡುತ್ತದೆ. ಕಾಕ್‌ಪಿಟ್ ಫೋಟೊದಲ್ಲಿ ಇರುವುದೇ ಕಪ್ಪು, ಹಾಗಾಗಿ ಬೆಳಕಿನ ಕೋನ ತಪ್ಪಿದರೆ ಇಡೀ ಗೋಡೆ ಮಾಯವಾಗುತ್ತದೆ. ನಿಮ್ಮ ಫೋಟೊ 1ರ ಎಡಗೋಡೆಗೆ ಆಗಿರುವುದೂ ಅದೇ.

ಗೋವೆಯ ಮಳೆಗಾಲ ಕಂಡ ಆಲ್ಬಮ್ ಅಂದಮೇಲೆ ಇದನ್ನೂ ಹೇಳಬೇಕು. ಫೋಟೊ ಗಾಜಿಗೋ ಪ್ಲಾಸ್ಟಿಕ್ ಹಾಳೆಗೋ ಅಂಟಿಕೊಂಡಿದ್ದರೆ ಎಳೆಯಬೇಡಿ, ಜಿಲೆಟಿನ್ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬೂಸಲು ಇದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟು ಚೆನ್ನಾಗಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ.

ಕನ್ನಡಿ ಪ್ರತಿಬಿಂಬದ ತಪ್ಪು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ನೆಗೆಟಿವ್ ಮಗುಚಿ ಅಚ್ಚೊತ್ತಿದರೆ ಎಡ-ಬಲ ಅದಲುಬದಲು. ಅಂಕಿ ಓದಲು ಬಂದರೆ ಆ ಕ್ಷಣವೇ ಗೊತ್ತಾಗುತ್ತದೆ, ಮಸುಕಾಗಿದ್ದರೆ ಗೊತ್ತಾಗುವುದಿಲ್ಲ. ಒಂಟಿ ಸೀಟಿನ ಯುದ್ಧವಿಮಾನದಲ್ಲಿ ಥ್ರಾಟಲ್ ಎಡಗೈಗೆ. ಬಲಗಡೆ ಕಂಡರೆ ಮೊದಲು ಫೋಟೊ ಮೇಲೆ ಅನುಮಾನ ಪಡಿ, ಆಮೇಲೆ ವಿಮಾನದ ಮೇಲೆ.

ಗಾತ್ರ ಅಳೆಯಲು ಒಂದು ಉಪಾಯ ಇದೆ. ಮುಖ್ಯ ಮೀಟರುಗಳ ಸಾಮಾನ್ಯ ಅಳತೆ ಸುಮಾರು 80 ಮಿ.ಮೀ., ಚಿಕ್ಕವುಗಳದು 57 ಮಿ.ಮೀ. ಪ್ರಿಂಟಿನಲ್ಲಿ ವೇಗದ ಮೀಟರು 7 ಮಿ.ಮೀ., ಫಲಕದ ಅಗಲ 60 ಮಿ.ಮೀ. ಬಂದರೆ, 60ನ್ನು 80ರಿಂದ ಗುಣಿಸಿ 7ರಿಂದ ಭಾಗಿಸಿ: ಹತ್ತಿರ ಹತ್ತಿರ 69 ಸೆಂ.ಮೀ. ಅಷ್ಟು ಅಗಲದಲ್ಲಿ ಇಬ್ಬರು ಪಕ್ಕಪಕ್ಕ ಕೂರಲಾಗದು. ಕೃತಕ ದಿಗಂತದ ಮೀಟರನ್ನು ಅಳತೆಗೋಲು ಮಾಡಿಕೊಳ್ಳಬೇಡಿ, ಅದರ ಮುಖ ಎಷ್ಟೋ ಸಲ ದೊಡ್ಡದಿರುತ್ತದೆ. ಅಳೆಯುವ ಮೀಟರೂ ಫಲಕವೂ ಒಂದೇ ಸಮತಲದಲ್ಲಿರಲಿ, ಮುಂದೆ ಚಾಚಿದ ಪೆಟ್ಟಿಗೆಯ ಮೀಟರು ತಗೊಂಡರೆ ಲೆಕ್ಕ ಹಾಳು.

ಫೋಟೊ 3 ಕೆಂಪಗಾಗಿರುವುದು ಆ ಕಾಲದ ಬಣ್ಣದ ಕಾಗದದ ಸಹಜ ರೋಗ. ಕತ್ತಲಲ್ಲಿಟ್ಟರೂ ಹಸಿರು-ನೀಲಿ ಬಣ್ಣ ಮೊದಲು ಸಾಯುತ್ತದೆ. ಆದ್ದರಿಂದ ಈಗ ಬೂದಿಯೋ ಕಂದೋ ಕಾಣುವ ಫಲಕ ಮೂಲದಲ್ಲಿ ಬೂದಿಯೇ ಆಗಿತ್ತೆಂದು ತೀರ್ಮಾನಿಸಬೇಡಿ. ಬಣ್ಣ ಸರಿಪಡಿಸಲು ಫೋಟೊದೊಳಗೇ ಗೊತ್ತಿರುವ ಬಿಳುಪು ಹುಡುಕಿ. ಮೀಟರಿನ ಅಂಕಿಗಳೇ ಸಾಕು. ಅವುಗಳನ್ನು ಬಿಳಿಗೆ ತಂದರೆ ಉಳಿದದ್ದು ಬಹುಪಾಲು ಹಿಂದೆ ಬರುತ್ತದೆ.

---

ಬೈನಾ_ಬೀಚ್ (ವಾಸ್ಕೊ)

ಫೋಟೊ 3ರ ಬಣ್ಣ ನಾ ಒಂದಿಷ್ಟು ಸರಿ ಮಾಡಿ ನೋಡಿದೆ. ಬೂದಿ ಅಲ್ರಿ ಅದು, ಗಿಳಿಹಸಿರಿಗೂ ಆಕಾಶನೀಲಿಗೂ ನಡುವಿನ ಬಣ್ಣ. ಅಂಥಾ ಬಣ್ಣ ಕಂಡ್ರ ಸೋವಿಯತ್ ವಿಮಾನ ಅಂತ ತಿಳೀಬೇಕು. ಎತ್ತರದ ಮೀಟರಿನ ಕಿಟಕಿಯೊಳಗ 7 ಅಂತ ಶುರು ಆಗೋ ಮೂರಂಕಿ ಐತಿ, ಅಂದ್ರ 760ರ ಲೆಕ್ಕ. ಎರಡೂ ಕೂಡಿ ಬಂತು.

ಕೃತಕ ದಿಗಂತನೂ ನೋಡ್ರಿ. ಬ್ರಿಟಿಷ್, ಅಮೆರಿಕದ ವಿಮಾನಗಳೊಳಗ ಪುಟ್ಟ ವಿಮಾನದ ಗುರುತು ನಿಂತಲ್ಲೇ ನಿಂತಿರತೈತಿ, ಹಿಂದಿನ ದಿಗಂತ ಓರೆ ಆಗತೈತಿ. ಬಹಳಷ್ಟು ಸೋವಿಯತ್ ಮೀಟರಿನೊಳಗ ಉಲ್ಟಾ, ಪುಟ್ಟ ವಿಮಾನನ ವಾಲತೈತಿ. ವಿದ್ಯುತ್ ಇಲ್ಲದ ನಿಂತ ವಿಮಾನದ ಫೋಟೊದೊಳಗ ಆ ಗುರುತು ಒಂದು ಕಡೆ ಬಿದ್ದಿದ್ರ ಅದೂ ಒಂದು ಸಾಕ್ಷಿ.

ಇನ್ನ ನಾಲ್ಕು ಲಿವರ್, ಅಂದ್ರ ನಾಲ್ಕು ಎಂಜಿನ್ನು. ವಾಸ್ಕೊ ಪಕ್ಕದ ದಾಬೋಳಿ ವಿಮಾನನೆಲಿ ಅಂದ ಕೂಡ್ಲೆ ಎಲ್ಲಾರೂ ಐ.ಎಲ್.-38 ಅಂತಾರ. ಆದ್ರ ಅದು ನೌಕಾಪಡೆಗೆ ಬಂದದ್ದು 1977ರಾಗ. ಟಿ.ಯು.-142 ಬಂದದ್ದು 1988ರಾಗ. ನಿಮ್ಮ ಫೋಟೊ ಹಿಂದ 1974ರ ಮುದ್ರೆ ಐತಿ. ಎರಡೂ ಹೊರಗ ಹೋದವು. ಉಳಿದದ್ದು ವಾಯುಪಡೆಯ ಎ.ಎನ್.-12, ಅದು 1961ರಿಂದ ಇತ್ತು. ಇಲ್ಲಂದ್ರ ಪರದೇಶದ ವಿಮಾನ ಸಂಸ್ಥೆಯ ಐ.ಎಲ್.-18. ಎರಡಕ್ಕೂ ಎ.ಐ.-20 ಅನ್ನೋ ಒಂದೇ ಜಾತಿ ಎಂಜಿನ್ನು, ಹಂಗಾಗಿ ಎಂಜಿನ್ ಮೀಟರು ನೋಡಿ ಬಿಡಿಸಾಕ ಬರೂದಿಲ್ಲ. ಎ.ಎನ್.-12ಕ್ಕ ಮೂಗೇ ಗಾಜಿಂದು, ನ್ಯಾವಿಗೇಟರ್ ಅಲ್ಲಿ ಕೂಡತಾನ. ರೆಕ್ಕಿ ತಲಿ ಮ್ಯಾಲ. ಐ.ಎಲ್.-18ಕ್ಕ ಮೂಗು ಮುಚ್ಚಿದ್ದು, ರೆಕ್ಕಿ ಕೆಳಗ. ಅದೇ ಆಲ್ಬಮ್ಮಿನೊಳಗ ಅದೇ ಸ್ಟುಡಿಯೊದ, ಅದೇ ಮುದ್ರೆಯ ಬ್ಯಾರೆ ಫೋಟೊ ಇದ್ರ ಜೋಡಿಸಿ ನೋಡ್ರಿ. ಕಿಟಕಿ, ಏಣಿ, ಬಾಗಿಲು ಯಾವುದಾದ್ರೂ ಒಂದು ಸಿಕ್ರೂ ಸಾಕು.

ಪ್ರಿಂಟಿನ ಮುದ್ರೆ ತೊಳೆದ ದಿನದ್ದು, ತೆಗೆದ ದಿನದ್ದಲ್ಲ ಅನ್ನೋದೂ ನೆನಪಿರಲಿ. ಫೋಟೊ ಅದಕ್ಕಿಂತ ಹಳೇದು ಇರಬಹುದು, ಹೊಸದು ಇರಾಕ ಸಾಧ್ಯ ಇಲ್ಲ. ನಮಗ ಬೇಕಾದ್ದೂ ಅಷ್ಟ.

ಫೋಟೊ 1, 2ಕ್ಕ ದೂರ ಹೋಗೂದು ಬ್ಯಾಡ. ಬೋಗ್ಮಾಲೊ ರಸ್ತೆಯ ನೌಕಾ ವಿಮಾನ ಸಂಗ್ರಹಾಲಯದೊಳಗ ಫೈರ್‌ಫ್ಲೈನೂ ಐತಿ, ವ್ಯಾಂಪೈರ್ ಟಿ.55ನೂ ಐತಿ, ಎರಡೂ ಬಯಲಿನೊಳಗ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು? ಫೈರ್‌ಫ್ಲೈನ ಎಡಪಕ್ಕ ನಿಂತು ಮುಂದಿನ ಕಾಕ್‌ಪಿಟ್ ಗೋಡಿ ನೋಡ್ರಿ, ಸ್ಪಿಟ್‌ಫೈರಿನಂಗ ಬಾಗಿಲಿನ ಸೀಳು ಇರೂದಿಲ್ಲ. ಮುಂದಿನ ಗಾಜಿನ ಚೌಕಟ್ಟಿನ ಕೋಲುಗಳು ಎಲ್ಲಿ ಕೂಡತಾವ ಅನ್ನೋದನ್ನ ಒಂದು ಕಾಗದದ ಮ್ಯಾಲ ಗೀಚಿಕೊಂಡು ಬಂದು ಫೋಟೊದ ಜೋಡಿ ಹೋಲಿಸ್ರಿ. ವಿಮಾನದ ಮ್ಯಾಲ ಹತ್ತಬ್ಯಾಡ್ರಿ, ತಗಡು ಮೊದಲೇ ಉಪ್ಪುಗಾಳಿ ತಿಂದೈತಿ. ಬಯಲಿನೊಳಗ ನಿಂತ ವಿಮಾನಗಳೊಳಗ ಮೀಟರು ಕಳಚಿ ಬರೀ ತೂತು ಉಳಿದಿರೋದೂ ಉಂಟು. ತೂತಿನ ಜಾಗ, ಅಳತಿ, ಸಾಲು ನೋಡ್ರಿ, ಅವು ಸುಳ್ಳು ಹೇಳೂದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳತೀನಿ: ದಾಬೋಳಿ ನೌಕಾನೆಲಿ. ಸಂಗ್ರಹಾಲಯದ ಅಂಗಳ ಬಿಟ್ಟು ಓಡುದಾರಿ ಕಡೆ ಕ್ಯಾಮೆರಾ ತಿರುಗಿಸಬ್ಯಾಡ್ರಿ. ಉಳಿದ ಹದಿನೈದು ಫೋಟೊದೊಳಗ ಈಗಲೂ ಸೇವೆಯಲ್ಲಿರೋ ವಿಮಾನದ ಕಾಕ್‌ಪಿಟ್ ಇದ್ರ ಇಲ್ಲಿ ಹಾಕಬ್ಯಾಡ್ರಿ.

---

ಸ್ಪ್ಯಾನರ್_ಪುಣೆ

ಮುದ್ರೆಯ ತಾರೀಕು ಹಿಡಿದು ಬಿಡಿಸಿದ್ದು ಬಹಳ ಒಳ್ಳೆ ಕೆಲಸ. ನಾನು ಎಂಜಿನ್ ಮೀಟರಿನಲ್ಲೇ ಹುಡುಕುತ್ತಿದ್ದೆ.

ಉಳಿದ ಫೋಟೊಗಳಿಗೆ ಇನ್ನೆರಡು ಗುರುತು ಸೇರಿಸುತ್ತೇನೆ. ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ ಪಂಖ ತಿರುಗಿಸುವ) ವಿಮಾನವಾಗಿ, ಲಿವರ್ ಪೆಟ್ಟಿಗೆಯ ಹತ್ತಿರ ಫ್ಯೂಯಲ್ ಟ್ರಿಮ್ ಎಂಬ ಬರಹ ಕಂಡರೆ ಅದು ಹೆಚ್ಚುಕಡಿಮೆ ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್. ಒಂದೇ ಎಂಜಿನ್ನಾದರೆ ವಿಮಾನವಾಹಕ ಹಡಗು ವಿಕ್ರಾಂತದ ಮೇಲಿಂದ ಹಾರುತ್ತಿದ್ದ ಆಲಿಝೆ. ನಾಲ್ಕಾದರೆ ವೈಕೌಂಟ್. ಎರಡಾದರೆ ಆವ್ರೊ 748 ಅಥವಾ ಫಾಕರ್ ಎಫ್.27. ಆ ಎರಡನ್ನು ಬಿಡಿಸಲು ಚಕ್ರ, ಬ್ರೇಕಿನ ಒತ್ತಡದ ಮೀಟರು ನೋಡಿ: ಫಾಕರಿನಲ್ಲಿ ಅದು ಗಾಳಿಯ ಒತ್ತಡ, ಆವ್ರೊದಲ್ಲಿ ಎಣ್ಣೆಯ ಒತ್ತಡ.

ಸೋವಿಯತ್ ಬಣ್ಣ ಇದ್ದು ಅಕ್ಷರ ಮಾತ್ರ ರೋಮನ್ ಆಗಿದ್ದರೆ ಪೋಲೆಂಡ್ ನೆನಪಿಸಿಕೊಳ್ಳಿ. ಎಲ್ ಅಕ್ಷರದ ಮೈಮೇಲೆ ಓರೆ ಗೀಟು ಇದ್ದರೆ ಪೋಲಿಷ್ ಭಾಷೆ. ನಮ್ಮ ವಾಯುಪಡೆ 1970ರ ದಶಕದಲ್ಲಿ ಇಸ್ಕ್ರಾ ತರಬೇತಿ ಜೆಟ್‌ಗಳನ್ನು ತಂದದ್ದು ಅಲ್ಲಿಂದಲೇ. ಆರ್ ತಲೆಯ ಮೇಲೆ ಕೊಕ್ಕೆ ಇದ್ದರೆ ಚೆಕ್.

---

ಜುವಾರಿ_ದಂಡೆ (ವಾಸ್ಕೊ)

ಮೂವರಿಗೂ ಧನ್ಯವಾದ. ಫೋಟೊ 1ನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಹಾಕಿದ್ದೇನೆ. ವೇಗದ ಮೀಟರಿನಲ್ಲಿ ನಾಟ್ ಎಂದೇ ಇದೆ. ಎತ್ತರದ ಮೀಟರು ಎಡ ಕೆಳಮೂಲೆಯಲ್ಲಿ. ಎಡಗೋಡೆ ಈಗ ಪೂರ್ತಿ ಕಾಣುತ್ತದೆ, ಮೇಲಂಚಿನವರೆಗೂ ಸೀಳಿಲ್ಲ, ಕೊಳವೆ ಚೌಕಟ್ಟೂ ಇಲ್ಲ. ಸುತ್ತಿನ ಮೀಟರಿನ ಗೀಟು 2800 ದಾಟಿದ ಹಾಗೆ ಕಂಡಿತು. ಮುಳ್ಳಿನ ನಡುಬಿಂದು ಸರಿದಷ್ಟನ್ನು ಕಳೆದಾಗ 2700 ಮತ್ತು 2800ರ ನಡುವೆ ಬಂತು.

ಫೋಟೊ 2ರ ಮೂರು ಅಳತೆಯ ಮೀಟರೂ ಸಿಕ್ಕಿತು. ಬಲಗೋಡೆ ನುಣ್ಣಗಿದೆ, ರಿವೆಟ್ ಒಂದೂ ಇಲ್ಲ.

---

ಸ್ಪ್ಯಾನರ್_ಪುಣೆ

ಹಾಗಾದರೆ ಫೋಟೊ 1 ಫೈರ್‌ಫ್ಲೈ, ಫೋಟೊ 2 ವ್ಯಾಂಪೈರ್ ಟಿ.55. ಫೈರ್‌ಫ್ಲೈನ ಯಾವ ಮಾರ್ಕ್ ಎನ್ನಲು ಮುಂದಿನ ಫಲಕದ ಈ ಒಂದು ಫೋಟೊ ಸಾಲದು. ನಮ್ಮ ನೌಕಾಪಡೆ ಅದನ್ನು ಗುಂಡಿನ ಅಭ್ಯಾಸಕ್ಕೆ ಗುರಿ ಎಳೆಯುವ ವಿಮಾನವಾಗಿ ಬಳಸುತ್ತಿತ್ತು, ಆ ಕೆಲಸದ ಸಲಕರಣೆ ಹೊರಗೂ ಹಿಂದಿನ ಸೀಟಿನಲ್ಲೂ ಇರುತ್ತದೆ. ಫೋಟೊದ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ, ಬಿಳಿ ಅಂಚಿನ ಹಿಂಭಾಗದಲ್ಲಿ ಮಾತ್ರ, ವಿಮಾನದ ಹೆಸರನ್ನೂ ಯಾವ ಗುರುತುಗಳಿಂದ ಗೊತ್ತಾಯಿತೆಂಬುದನ್ನೂ ಬರೆದಿಡಿ. ಫೋಟೊ 3ರ ಹಿಂದೆ ಸದ್ಯಕ್ಕೆ ಎ.ಎನ್.-12 ಅಥವಾ ಐ.ಎಲ್.-18 ಎಂದು ಎರಡನ್ನೂ ಬರೆಯಿರಿ.